ಡ್ಯೂಕೋ ಬಣ್ಣದ ಪೂರ್ವಕಥೆ

ಪೇಟೆಯ ಹೊರಮಗ್ಗುಲಲ್ಲಿ ಮೋಟಾರು ರಿಪೇರಿಯ ಶೆಡ್ಡುಗಳಿರುವ ಕಡೆ ಹಾದುಹೋಗುವಾಗ ‘ಟಿಂಕರಿಂಗ್ ಮತ್ತು ಡ್ಯೂಕೋ ಪೇಂಟಿಂಗ್’ ಎಂಬ ಹಲಗೆಯನ್ನು ತಾವು ನೋಡಿರಬಹುದು. ಈ ಡ್ಯೂಕೋ ಎಂದರೇನು? ಒಳಗಿನವರನ್ನು ಕೇಳಿದರೆ ‘ಗನ್ನಿನಲ್ಲಿ ಹೊಡೆಯುವ ಬಣ್ಣ’ ಎನ್ನುತ್ತಾರೆ. ಅದು ತಪ್ಪೂ ಅಲ್ಲ. ಆದರೆ ಮಾತಿನ ಬೆನ್ನುಹತ್ತುವ ಚಾಳಿ ಕನ್ನಡ ಪಂಡಿತರನ್ನು ಸುಲಭವಾಗಿ ಬಿಡುವಂಥದಲ್ಲ. ತೀರ್ಥರೂಪರು ಬಿಟ್ಟುಹೋದ 1974ರ ಅಂಬಾಸಿಡರ್ ಕಾರಿಗೆ ತುಕ್ಕು ತೆಗೆಸಿ ಬಣ್ಣ ಹೊಡೆಸುವ ಪ್ರಸಂಗ ಬಂದಾಗ, ಶೆಡ್ಡಿನ ಬೆಂಚಿನ ಮೇಲೆ ಕುಳಿತ ದಿನಗಳಲ್ಲಿ ಈ ಶಬ್ದದ ಮೂಲವನ್ನು ಹುಡುಕಿಕೊಂಡು ಹೊರಟೆ. ಅದು ನನ್ನನ್ನು ಕೋವಿಮದ್ದಿನ ಕಾರ್ಖಾನೆಯವರೆಗೆ ಕರೆದೊಯ್ದಿತು.

ಮೋಟಾರುಗಳು ಮೊದಲು ಹುಟ್ಟಿದಾಗ ಅವಕ್ಕೆ ಬಣ್ಣ ಹಾಕುತ್ತಿದ್ದವರು ಕುದುರೆಗಾಡಿಗಳಿಗೆ ಬಣ್ಣ ಹಾಕುತ್ತಿದ್ದವರೇ. ಎಣ್ಣೆಬಣ್ಣವನ್ನೂ ವಾರ್ನಿಷನ್ನೂ ಕುಂಚದಿಂದ ಪದರಪದರವಾಗಿ ಬಳಿಯುವುದು, ಒಣಗಲು ಬಿಡುವುದು, ಉಜ್ಜುವುದು, ಮತ್ತೆ ಬಳಿಯುವುದು. ಅಗಸೆಯೆಣ್ಣೆ ಒಣಗುವುದೆಂದರೆ ನೀರು ಆರಿದಂತಲ್ಲ. ಗಾಳಿಯ ಆಮ್ಲಜನಕವನ್ನು ನಿಧಾನವಾಗಿ ಹೀರಿಕೊಂಡು ಅದು ಗಟ್ಟಿಯಾಗಬೇಕು. ಒಂದು ಗಾಡಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. 1913ರಲ್ಲಿ ಹೆನ್ರಿ ಫೋರ್ಡನು ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲನ್ನು ನಿಲ್ಲಿಸಿದ ಮೇಲೆ ಇಷ್ಟು ತಾಳ್ಮೆ ಯಾರಿಗಿತ್ತು? 1914ರಿಂದ 1925ರವರೆಗೆ ಅವನ ಮಾಡೆಲ್ ಟೀ ಕಾರುಗಳೆಲ್ಲ ಕಪ್ಪೇ. ಅಗ್ಗವಾದ, ಬಾಳಿಕೆಯ, ಒಲೆಯಲ್ಲಿಟ್ಟು ಒಣಗಿಸಬಹುದಾದ ಕರಿಯ ಮೆರುಗು ಅದು.

ಬಣ್ಣಗಳಿಗೆ ವೇಗ ಬಂದದ್ದು ಯುದ್ಧದ ಬಾಗಿಲಿನಿಂದ. 1846ರ ಸುಮಾರಿಗೆ ಬಾಸೆಲ್ ನಗರದ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞನು ಹತ್ತಿಯನ್ನು ತೀಕ್ಷ್ಣವಾದ ಆಮ್ಲಗಳಲ್ಲಿ ಅದ್ದಿ, ಕಿಡಿ ಸೋಕಿದರೆ ಭುಗಿಲೆನ್ನುವ ಕೋವಿಹತ್ತಿಯನ್ನು ಪಡೆದಿದ್ದನು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಇದರಿಂದ ಹೊಗೆಯಿಲ್ಲದ ಮದ್ದನ್ನು ರಾಶಿರಾಶಿಯಾಗಿ ತಯಾರಿಸಿತು. 1918ರಲ್ಲಿ ಯುದ್ಧ ಮುಗಿಯಿತು. ಇಷ್ಟೊಂದು ಕಾರ್ಖಾನೆಗಳಿಗೆ ಇನ್ನೇನು ಕೆಲಸ? ಅದೇ ಜಾತಿಯ ಹತ್ತಿಯನ್ನು ದ್ರಾವಕದಲ್ಲಿ ಕರಗಿಸಿದರೆ ಮೆರುಗೆಣ್ಣೆಯಾಗುತ್ತದೆಂಬುದು ಮೊದಲೇ ತಿಳಿದಿತ್ತು. ಆದರೆ ಅದು ಅಂಟಿನಂತೆ ಬಲು ಮಂದ. ತೆಳುವಾಗಿಸಲು ದ್ರಾವಕ ಸುರಿದರೆ ಬಣ್ಣ ನಿಲ್ಲುತ್ತಿರಲಿಲ್ಲ. 1920ರ ನಂತರ ಕಂಪನಿಯ ರಸಾಯನಜ್ಞರು ಈ ತೊಡಕನ್ನು ಬಿಡಿಸಿದರು. ಆಗ ಜನರಲ್ ಮೋಟಾರ್ಸಿನ ಷೇರುಗಳ ದೊಡ್ಡ ಪಾಲೂ ಡ್ಯೂಪಾಂಟಿನ ಕೈಯಲ್ಲಿತ್ತು. 1923ರಲ್ಲಿ, ಮರುವರ್ಷದ ಮಾದರಿಯೆಂದು, ಓಕ್‌ಲ್ಯಾಂಡ್ ಕಾರುಗಳು ನೀಲಿಯ ಡ್ಯೂಕೋ ಹೊದ್ದು ಹೊರಬಂದವು. ಕಂಪನಿಯಿಟ್ಟ ಆ ಹೆಸರೇ ನಮ್ಮ ಶೆಡ್ಡಿನ ಹಲಗೆಯ ಮೇಲಿರುವುದು. ಹತ್ತಿಯ ಬಣ್ಣ ಮೂಲೆಗೆ ಸರಿದರೂ ಹೆಸರು ಉಳಿದುಕೊಂಡಿತು.

ಈ ಬಣ್ಣದ ಗುಣವೆಂದರೆ ದ್ರಾವಕ ಹಾರಿಹೋದೊಡನೆ ಒಣಗುವುದು. ವಾರಗಳ ಕೆಲಸ ಗಂಟೆಗಳಿಗಿಳಿಯಿತು. ಕುಂಚ ಎಳೆಯುವಷ್ಟರಲ್ಲಿ ಒಣಗುವ ಬಣ್ಣಕ್ಕೆ ಗನ್ನೇ ಬೇಕು. ಅದರ ವಂಶಾವಳಿಯೂ ಸ್ವಾರಸ್ಯವಾಗಿದೆ: ಅಮೆರಿಕದ ಟೊಲೀಡೋ ನಗರದ ಡಿವಿಲ್‌ಬಿಸ್ ಎಂಬ ವೈದ್ಯನು ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸಲು ಮಾಡಿದ ಉಪಕರಣವನ್ನು ಅವನ ಮಗ ಥಾಮಸನು 1907ರಲ್ಲಿ ಬಣ್ಣಕ್ಕೆ ಒಗ್ಗಿಸಿದನು.

ಇನ್ನು ತುಕ್ಕಿನ ಮಾತು. ಹಿತ್ತಾಳೆ ತಾಮ್ರಗಳಿಗೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ತುಕ್ಕು. ಅಮರಕೋಶವು ಕಬ್ಬಿಣದ ಮಲಕ್ಕೆ ಮಂಡೂರವೆಂದು ಹೆಸರು ಕೊಡುತ್ತದೆ. ಕೊಡಚಾದ್ರಿಯ ಮೂಲಮೂಕಾಂಬಿಕೆಯ ಸನ್ನಿಧಿಯಲ್ಲಿ ಕಬ್ಬಿಣದ ಕಂಬವೊಂದು ಘಟ್ಟದ ಮಳೆಗೆ ಬಣ್ಣದ ಹಂಗಿಲ್ಲದೆ ನಿಂತಿದೆ. ಕಾರಿನ ತಗಡಿಗೆ ಆ ಭಾಗ್ಯವಿಲ್ಲ. ಅದು ಒಂದು ಮಿಲಿಮೀಟರಿನ ಆಸುಪಾಸು. ನೀರು ಮತ್ತು ಗಾಳಿ ಕೂಡಿದರೆ ತುಕ್ಕು, ಅದಕ್ಕೆ ಕಡಲ ಉಪ್ಪು ಸೇರಿದರೆ ಇನ್ನೂ ಬೇಗ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಬಣ್ಣವನ್ನು ಒಳಗಿನಿಂದಲೇ ಗುಳ್ಳೆಯಾಗಿ ಎಬ್ಬಿಸುತ್ತದೆ. ನಮಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಊಟ ಮುಗಿದಿರುತ್ತದೆ!

ಹಳೆಯ ಕಾರುಗಳಲ್ಲಿ ಭಾರವನ್ನು ಹೊರುತ್ತಿದ್ದದ್ದು ಅಡಿಯ ದಪ್ಪ ಚೌಕಟ್ಟು. ಮೇಲಿನ ಮೈ ತುಕ್ಕು ಹಿಡಿದರೆ ಅಂದಗೆಡುತ್ತಿತ್ತು, ಅಷ್ಟೆ. 1922ರ ಲ್ಯಾನ್ಸಿಯಾ ಲ್ಯಾಂಬ್ಡಾ, 1934ರ ಸಿಟ್ರೊಯೆನ್ ಕಾರುಗಳಿಂದ ಮುಂದೆ ಮೈಯೇ ಚೌಕಟ್ಟಾಗುವ ಪದ್ಧತಿ ಬೆಳೆಯಿತು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಅಚ್ಚಿನಲ್ಲಿ ಉತ್ತರಪಾರಾದಲ್ಲಿ ತಯಾರಾಗುತ್ತ, 2014ರಲ್ಲಿ ನಿಂತುಹೋದ ನಮ್ಮ ಅಂಬಾಸಿಡರೂ ಇದೇ ಜಾತಿಯದು. ಇದರಲ್ಲಿ ಬಾಗಿಲ ಕೆಳಗಿನ ಪೊಳ್ಳು ತೊಲೆ ಕೊಳೆತರೆ ಮನೆಯ ತೊಲೆ ಗೆದ್ದಲು ಹಿಡಿದಂತೆಯೇ.

ನಮ್ಮ ಕಾರಿನ ಎಡಗಡೆಯ ತೊಲೆಗೆ ಟಿಂಕರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದ. ಶಬ್ದ ತಗಡಿನದಾಗಿರಲಿಲ್ಲ. “ಮಾಷ್ಟ್ರೇ, ಇಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ” ಎಂದ. ಕೆರೆದಾಗ ಒಳಗಿನಿಂದ ಮಡಿಸಿ ತುರುಕಿದ ಪತ್ರಿಕೆಯ ಹಾಳೆಗಳು ಬಂದವು. ಇಪ್ಪತ್ತು ವರ್ಷಗಳ ಹಿಂದೆ ಬೇರೊಂದು ಶೆಡ್ಡಿನಲ್ಲಿ ಹೊಳೆಯುವ ಬಣ್ಣ ಹೊಡೆಸಿಕೊಂಡು ನಾನೇ ಹೆಮ್ಮೆಯಿಂದ ಮನೆಗೆ ತಂದಿದ್ದೆ. ಆಮೇಲೆ ಅದೇ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಎಷ್ಟು ಸಲ ಘಟ್ಟ ಹತ್ತಿ ಇಳಿದೆನೋ! ಆ ರಾತ್ರಿ ನಿದ್ರೆ ಬರಲಿಲ್ಲ.

ಕೊಳೆತುದನ್ನು ಕತ್ತರಿಸಿ, ಗಟ್ಟಿ ಲೋಹ ಸಿಗುವವರೆಗೆ ಹೋಗಿ, ಹೊಸ ತಗಡನ್ನು ಬೆಸೆದು, ಪೊಳ್ಳಿನೊಳಗೆ ಮೇಣದಂಥ ತೈಲ ಸಿಂಪಡಿಸಿದ್ದಾಯಿತು. ಬರಿಯ ತಗಡಿನ ಮೇಲೆ ಬಣ್ಣ ಕೂರಿಸುವ ಮೊದಲು ಫಾಸ್ಫರಿಕ್ ಆಮ್ಲ ಸವರುತ್ತಾರೆ. 1906ರಲ್ಲಿ ಇಂಗ್ಲೆಂಡಿನ ಕಾಸ್ಲೆಟ್ ಪೇಟೆಂಟ್ ಪಡೆದ ವಿದ್ಯೆಯ ಸಂತಾನವಿದು. 1960ರ ದಶಕದಲ್ಲಿ ಫೋರ್ಡ್ ಕಂಪನಿಯ ಜಾರ್ಜ್ ಬ್ರೂವರ್ ಇನ್ನೂ ಮುಂದೆ ಹೋಗಿ, ಇಡೀ ಮೈಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಸಂದುಗೊಂದುಗಳಿಗೂ ಅಂಟಿಸುವ ಕ್ರಮವನ್ನು ಬೆಳೆಸಿದ. ಶೆಡ್ಡಿನಲ್ಲಿ ಅದೆಲ್ಲಿ ಬರಬೇಕು!

ಡಿಕ್ಕಿಯ ಮುಚ್ಚಳದ ಒಳಮೈಗೆ ಮಾತ್ರ ಬಣ್ಣ ಬೇಡವೆಂದೆ. ಅಲ್ಲಿ ಕಾರ್ಖಾನೆಯ ತಿಳಿನೀಲಿ ಇನ್ನೂ ಇದೆ. ಗೀರೊಂದರ ಮೇಲೆ ತೀರ್ಥರೂಪರು ಕುಂಚದಿಂದ ಎಳೆದ, ಬಣ್ಣ ಸರಿಹೊಂದದ ಗೆರೆಯೂ ಇದೆ.

ಇಂದಿನ ಎರಡು ಡಬ್ಬಿಯ ಬಣ್ಣದಲ್ಲಿ ಗಟ್ಟಿಗೊಳಿಸಲು ಬೆರೆಸುವ ಐಸೊಸಯನೇಟ್ ಎಂಬ ವಸ್ತು ಉಸಿರಿನೊಡನೆ ಸೇರಿದರೆ ಉಬ್ಬಸ ತರಬಲ್ಲದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡ ಅದಕ್ಕೆ ಬೇಕು. ನಮ್ಮ ಪೇಂಟರ್ ಹುಡುಗ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದ. ಕೊಳವೆಯ ಮುಖವಾಡ ಬಾಡಿಗೆಗೆ ಸಿಗುವವರೆಗೆ ಎರಡು ವಾರ ಕೆಲಸ ನಿಲ್ಲಿಸಿದೆ. “ಒಂದು ಕಾರಿಗೆ ಇಷ್ಟೆಲ್ಲ ಯಾಕೆ ಮಾಷ್ಟ್ರೇ?” ಎಂದು ಹುಡುಗ ನಕ್ಕ. ನಕ್ಕರೂ ಹಾಕಿಕೊಂಡ, ಮರುದಿನ ಬೇರೆಯವರ ಕಾರಿಗೆ ಹೊಡೆಯುವಾಗ ಮತ್ತೆ ಕರವಸ್ತ್ರವೇ ಇತ್ತು.