ಆನ್‌ಲೈನ್‌ನಲ್ಲಿ ದುಡ್ಡು ಹೋದ್ರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು? ಇಲ್ಲಿದೆ ಮಾಹಿತಿ

ಹಾಸನ: ಅರಕಲಗೂಡಿನಲ್ಲಿ ಒಬ್ಬರ ಖಾತೆಯಿಂದ 40 ಸಾವಿರ ರೂಪಾಯಿ ಹೋಯ್ತು ಅಂತ ಇಟ್ಕೊಳ್ಳಿ. ಮನೆಯವರು ಬೈತಾರೆ ಅಂತ ಅವರು ಆ ದಿನ ಸುಮ್ಮನಿರ್ತಾರೆ. ಮಾರನೇ ದಿನ ಬ್ಯಾಂಕ್‌ಗೆ ಹೋದ್ರೆ ಸ್ಟೇಷನ್‌ಗೆ ಹೋಗಿ ಅಂತಾರೆ. ಸ್ಟೇಷನ್‌ಗೆ ಹೋಗಿ, ಅಲ್ಲಿಂದ ಬಸ್ ಹತ್ತಿ ಹಾಸನಕ್ಕೆ ಬರುವಷ್ಟರಲ್ಲಿ ದುಡ್ಡು ನಾಲ್ಕೈದು ಖಾತೆ ದಾಟಿ ಯಾವುದೋ ಊರಿನ ಎಟಿಎಂನಿಂದ ಹೊರಗೆ ಬಂದಿರುತ್ತೆ.

ಕಳ್ಳ ಸಿಗೋದು ಆಮೇಲಿನ ಮಾತು, ದುಡ್ಡು ನಿಲ್ಲಿಸೋದು ಮೊದಲ ಕೆಲಸ. ಅದಕ್ಕೆ ಎಲ್ಲಿಗೂ ಹೋಗಬೇಕಿಲ್ಲ. ಕೂತಲ್ಲಿಂದಲೇ 1930ಕ್ಕೆ ಫೋನ್ ಮಾಡಬೇಕು.

1930 ಹೇಗೆ ಕೆಲಸ ಮಾಡುತ್ತೆ?

ಇದು ಕೇಂದ್ರ ಗೃಹ ಸಚಿವಾಲಯದ ಸಹಾಯವಾಣಿ. 2021ರಲ್ಲಿ 155260 ನಂಬರಿನಲ್ಲಿ ಶುರುವಾಗಿದ್ದು, ಆಮೇಲೆ 1930 ಆಯ್ತು. ನೀವು ದೂರು ಹೇಳಿದ ತಕ್ಷಣ ದುಡ್ಡು ಹೋದ ಬ್ಯಾಂಕ್‌ಗೆ ಆನ್‌ಲೈನ್‌ನಲ್ಲೇ ಸೂಚನೆ ಹೋಗುತ್ತೆ. ಹಣ ಆ ಖಾತೆಯಲ್ಲೇ ಇದ್ದರೆ ತಡೆ ಹಿಡೀತಾರೆ. ಮುಂದಕ್ಕೆ ಹೋಗಿದ್ದರೆ ಸೂಚನೆಯೂ ಮುಂದಿನ ಬ್ಯಾಂಕ್‌ಗೆ ಹೋಗುತ್ತೆ.

ಫೋನ್ ಮಾಡುವಾಗ ಕೈಯಲ್ಲಿರಬೇಕಾದ್ದು:

- ಬ್ಯಾಂಕ್ ಹೆಸರು, ಖಾತೆ ನಂಬರ್
- ಹೋದ ಮೊತ್ತ, ದಿನ, ಸಮಯ
- ವಹಿವಾಟಿನ ನಂಬರ್ (ಯುಪಿಐ ಆದರೆ 12 ಅಂಕಿಯದು)
- ವಂಚಕರ ಫೋನ್ ನಂಬರ್ ಅಥವಾ ಯುಪಿಐ ಐಡಿ

ದೂರಿನ ನಂಬರ್ ಬಂದ ಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ 24 ಗಂಟೆಯೊಳಗೆ ಪೂರ್ತಿ ವಿವರ ತುಂಬಬೇಕು. ನಂತರ ಹತ್ತಿರದ ಠಾಣೆಗೆ ಅಥವಾ ಹಾಸನದ ಸಿಇಎನ್ ಠಾಣೆಗೆ ಹೋಗಿ. ತಡೆ ಹಿಡಿದ ಹಣ ವಾಪಸ್ ಬರಲು ಕೋರ್ಟ್ ಆದೇಶ ಬೇಕಾಗಬಹುದು. ಹಾಗಾಗಿ ಮೆಸೇಜ್, ಚಾಟ್, ಕಾಲ್ ವಿವರ ಯಾವುದನ್ನೂ ಅಳಿಸಬೇಡಿ.

ಮೋಸ ಮಾಡೋ ದಾರಿಗಳು

*ಎಪಿಕೆ ಫೈಲ್:* ಪಿಎಂ ಕಿಸಾನ್, ಆರ್‌ಟಿಒ ಚಲನ್, ಮದುವೆ ಕರೆಯೋಲೆ ಅಂತ ವಾಟ್ಸಾಪ್‌ನಲ್ಲಿ ಬರುತ್ತೆ. ಕಳಿಸಿದ್ದು ಪರಿಚಯದವರ ನಂಬರ್ ಆಗಿರಬಹುದು, ಅವರ ಫೋನ್ ಮೊದಲೇ ಹ್ಯಾಕ್ ಆಗಿರುತ್ತೆ. ಇನ್‌ಸ್ಟಾಲ್ ಮಾಡಿದರೆ ನಿಮ್ಮ ಒಟಿಪಿ ಅವರಿಗೆ ಹೋಗುತ್ತೆ. ಈಗಾಗಲೇ ಒತ್ತಿಬಿಟ್ಟಿದ್ದರೆ ಇಂಟರ್ನೆಟ್ ಆಫ್ ಮಾಡಿ, ಸಿಮ್ ತೆಗೆದು, ಬೇರೆ ಫೋನ್‌ನಿಂದ ಬ್ಯಾಂಕ್‌ಗೆ ಹೇಳಿ ಖಾತೆ ಬಂದ್ ಮಾಡಿಸಿ.

*ಡಿಜಿಟಲ್ ಅರೆಸ್ಟ್:* ಪೊಲೀಸ್, ಸಿಬಿಐ ಅಂತ ವಿಡಿಯೋ ಕಾಲ್ ಮಾಡಿ ಹೆದರಿಸ್ತಾರೆ. ನಮ್ಮ ಕಾನೂನಿನಲ್ಲಿ ಇಂಥ ಅರೆಸ್ಟ್ ಇಲ್ಲವೇ ಇಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು 2024ರಲ್ಲಿ ಹೀಗೇ 11.8 ಕೋಟಿ ರೂಪಾಯಿ ಕಳಕೊಂಡರು. ಓದಿದವರು ಮೋಸ ಹೋಗಲ್ಲ ಅನ್ನೋದು ಸುಳ್ಳು. ಫೋನ್ ಕಟ್ ಮಾಡಿ, ಮನೆಯವರಿಗೆ ಹೇಳಿ.

*ದುಡ್ಡು ಬರುತ್ತೆ, ಪಿನ್ ಹಾಕಿ:* ದುಡ್ಡು ಪಡೆಯೋಕೆ ಯುಪಿಐ ಪಿನ್ ಬೇಕಿಲ್ಲ. ಪಿನ್ ಹಾಕಿದರೆ ಹೋಗೋದು ನಿಮ್ಮ ದುಡ್ಡೇ.

ಅಂಗಡಿಯವರು ಗಮನಿಸಿ

ಗಿರಾಕಿ ಮೊಬೈಲ್ ತೋರಿಸಿದರೆ ಸಾಲದು. ಪೇಮೆಂಟ್ ಆದ ಹಾಗೆ ತೋರಿಸೋ ನಕಲಿ ಆ್ಯಪ್‌ಗಳಿವೆ. ಸೌಂಡ್ ಬಾಕ್ಸ್ ಕೂಗಬೇಕು ಅಥವಾ ನಿಮ್ಮ ಖಾತೆಯಲ್ಲಿ ಕಾಣಬೇಕು. ಬೆಳಿಗ್ಗೆ ಬಾಗಿಲು ತೆಗೆದಾಗ ಕ್ಯೂಆರ್ ಸ್ಟಿಕ್ಕರ್ ನಿಮ್ಮದೇನಾ ಅಂತ ಒಂದು ರೂಪಾಯಿ ಹಾಕಿ ನೋಡಿ.

ಇನ್ನೊಂದು ತೊಂದರೆ, ಖಾತೆ ಫ್ರೀಜ್ ಆಗೋದು. ವಂಚನೆ ಹಣದಲ್ಲಿ ಯಾರೋ ನಿಮ್ಮಲ್ಲಿ ಸಾಮಾನು ಕೊಂಡರೆ ನಿಮ್ಮ ಖಾತೆಗೂ ತಡೆ ಬೀಳಬಹುದು. ಆಗ ದೂರಿನ ನಂಬರ್ ಏನು, ಯಾವ ಠಾಣೆಯದು ಅಂತ ಬ್ಯಾಂಕ್‌ನಲ್ಲಿ ಬರಹದಲ್ಲಿ ಕೇಳಿ, ಆ ಠಾಣೆಗೆ ಬಿಲ್ ಸಮೇತ ವಿವರಣೆ ಕಳಿಸಿ. ದೊಡ್ಡ ವ್ಯಾಪಾರಕ್ಕೆ ಬಿಲ್ ಹಾಕೋ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತೆ. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಇನ್ನೊಬ್ಬರಿಗೆ ಕೊಟ್ಟರೆ ಮಾತ್ರ ನೀವೇ ಆರೋಪಿ ಆಗಬಹುದು.

ಬ್ಯಾಂಕ್ ಜವಾಬ್ದಾರಿ

2017ರ ಜುಲೈ 6ರ ಆರ್‌ಬಿಐ ಸುತ್ತೋಲೆ ತಂದ ನಿಯಮದ ಪ್ರಕಾರ, ನಿಮ್ಮದೂ ಬ್ಯಾಂಕ್‌ನದೂ ತಪ್ಪಿಲ್ಲದೆ ಹಣ ಹೋಗಿದ್ದು, ಬ್ಯಾಂಕ್‌ನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನೀವೇ ಒಟಿಪಿ ಹೇಳಿದ್ದರೆ, ಬ್ಯಾಂಕ್‌ಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕ್‌ನದು. ಅದಕ್ಕೇ 1930ರ ಜೊತೆ ಬ್ಯಾಂಕ್‌ಗೂ ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಬೇರೆಯವರ ವೇಷದಲ್ಲಿ ಆನ್‌ಲೈನ್ ಮೋಸ ಮಾಡಿದವರಿಗೆ ಐಟಿ ಕಾಯ್ದೆ 66ಡಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಇವತ್ತೇ ಮಾಡಿ

- ಮನೆಯ ಎಲ್ಲರ ಫೋನ್‌ನಲ್ಲೂ 1930 ಸೇವ್ ಮಾಡಿ
- ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ. ರೇಷನ್‌ಗೆ ಬೆರಳಚ್ಚು ಕೊಡುವಾಗ ತೆಗೆಯಬಹುದು
- ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಸಂಚಾರ್ ಸಾಥಿಯಲ್ಲಿ ನೋಡಿ
- ಕೊಬ್ಬರಿ, ಹೊಗೆಸೊಪ್ಪು, ಆಲೂಗಡ್ಡೆ ಮಾರಿದ ದುಡ್ಡು ಇರೋ ಖಾತೆಗೆ ಯುಪಿಐ ಬೇಡ. ದಿನದ ಖರ್ಚಿಗೆ ಬೇರೆ ಖಾತೆ ಇಟ್ಕೊಳ್ಳಿ

ಕೊನೇದಾಗಿ, ಮನೆಯಲ್ಲಿ ಯಾರಾದರೂ ದುಡ್ಡು ಕಳಕೊಂಡರೆ ಬೈಬೇಡಿ. ಬೈತಾರೆ ಅನ್ನೋ ಭಯಕ್ಕೇ ಆ ಒಂದು ಗಂಟೆ ಕಳೆದುಹೋಗುತ್ತೆ.