ರಾಗಿ ಸೀಮೆಯಲ್ಲಿ ರವೆಯ ಕಾರುಬಾರು

ಡಾಕ್ಟರು ಗೋಧಿ ಬಿಡಿ ಅಂದ ಮೇಲೆ ಕಡೂರು, ಬೀರೂರಿನ ಹೋಟೆಲುಗಳಲ್ಲಿ ಮಾಣಿ ಒದರುವ ಪಟ್ಟಿಯನ್ನು ಕಿವಿಗೊಟ್ಟು ಕೇಳುತ್ತೇನೆ: ಉಪ್ಪಿಟ್ಟು, ಕೇಸರಿಬಾತು, ರವೆದೋಸೆ, ಪೂರಿ, ಪರೋಟ. ಎಲ್ಲವೂ ಗೋಧಿಯೇ! ಅಜ್ಜಂಪುರದ ನಮ್ಮಜ್ಜಿಗೆ ಗೋಧಿಯೆಂದರೆ ಹಬ್ಬದ ಹೋಳಿಗೆಯ ಕಣಕ, ಅಷ್ಟೇ. ಮಿಕ್ಕ ದಿನ ರಾಗಿ.

ಇಂಥ ಸೀಮೆಗೆ ಇಷ್ಟೊಂದು ಗೋಧಿ ಬಂದದ್ದು ಹೇಗೆ? ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರವಾದಾಗ ರವೆ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಅಮೆರಿಕದ ಜೊತೆಗಿನ 1956ರ ಪಿಎಲ್-480 ಆಹಾರ ಒಪ್ಪಂದದ ಮೇಲೆ ಅಲ್ಲಿನ ಗೋಧಿ ಹಡಗುಗಟ್ಟಲೆ ಬಂತು. ವಿಚಿತ್ರ ನೋಡಿ, ಅದೇ ಯುದ್ಧದ 1944-45ರ ಚಳಿಗಾಲದಲ್ಲಿ ಹಾಲೆಂಡಿನ ಜನ ಬ್ರೆಡ್ಡಿಲ್ಲದೆ ಸಾಯುತ್ತಿದ್ದಾಗ ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಗೋಧಿಯ ಮೇಲೆ ಮೊದಲೇ ಗುಮಾನಿಯಿದ್ದ ಮಕ್ಕಳ ವೈದ್ಯ ವಿಲೆಮ್ ಡಿಕೆಗೆ ಅದು ಖಾತ್ರಿಯಾಯಿತು.

ನನಗೀಗ ಅಕ್ಕಿ ಇಡ್ಲಿ ತಿಂದರೂ ಸಾಂಬಾರಿನ ಭಯ. ಅಂಗಡಿಯ ಇಂಗಿಗೆ ಮೈದಾ ಬೆರೆಸಿರುವುದುಂಟು. ತರೀಕೆರೆಯ ಒಂದು ಖಾನಾವಳಿಯಲ್ಲಿ ಡಬ್ಬಿ ತೋರಿಸಿ ಅಂದೆ.

"ಇಂಗಲ್ಲೆಂಥ ಗೋಧಿ ಸ್ವಾಮಿ?" ಯಜಮಾನರು ನಕ್ಕರು.

ಸಣ್ಣಕ್ಷರ ಓದಿ ತೋರಿಸಿದೆ. ಕನ್ನಡಕ ಹಾಕಿಕೊಂಡು ತಾವೂ ಓದಿದರು. ಆಮೇಲೆ ಮಾತಾಡದೆ ಒಳಗೆ ಹೋಗಿ, ಮನೆಯವರಿಗೆಂದು ಮಾಡಿದ್ದ ಮುದ್ದೆ, ಬೆಳ್ಳುಳ್ಳಿ ಒಗ್ಗರಣೆಯ ಹುರುಳಿ ಸಾರು ತಂದಿಟ್ಟರು.