ವೇದಿಕೆ ಇಲ್ಲದವರ ಸಂಘ

ಜಾಜ್ ಸಂಗೀತದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದನ್ನು ಮಹಾಪುರುಷರ ಚರಿತ್ರೆಯಾಗಿಯೇ ಬರೆದಿದ್ದಾರೆ. ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್, ಚಾರ್ಲಿ ಪಾರ್ಕರ್, ಜಾನ್ ಕೋಲ್ಟ್ರೇನ್ ಹೀಗೆ ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಅಧ್ಯಾಯ. ಆ ಸಂಗೀತಗಾರ ಹೊಟ್ಟೆಗೆ ಏನು ಮಾಡಿದ, ಎಲ್ಲಿ ಕುಳಿತು ಅಭ್ಯಾಸ ಮಾಡಿದ, ಕೇಳುವವರನ್ನು ಯಾರು ಕರೆತಂದರು, ಕುರ್ಚಿಗಳನ್ನು ಯಾರು ಜೋಡಿಸಿದರು ಎಂಬ ಪ್ರಶ್ನೆಗಳು ಅಂಥ ಗ್ರಂಥಗಳಲ್ಲಿ ಅಡಿಟಿಪ್ಪಣಿಗೂ ಬರುವುದಿಲ್ಲ. ಈ ಪ್ರಶ್ನೆಗಳನ್ನೇ ಮುಖ್ಯವೆಂದು ಬಗೆದ ಕೆಲವರು ಅಮೆರಿಕದ ಷಿಕಾಗೋ ನಗರದಲ್ಲಿ 1965ರಲ್ಲಿ ಒಂದು ಸಂಘವನ್ನು ಕಟ್ಟಿದರು. ನಾನು ಇಲ್ಲಿ ಹೇಳಹೊರಟಿರುವುದು ಅದರ ಕಥೆಯನ್ನು.

ಷಿಕಾಗೋದ ದಕ್ಷಿಣ ಭಾಗ ಕಪ್ಪು ಜನರ ವಸತಿ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಮೊದಲ್ಗೊಂಡು 1970ರವರೆಗೆ ಸುಮಾರು 60 ಲಕ್ಷ ಮಂದಿ ಕಪ್ಪು ಜನ ದಕ್ಷಿಣದ ರಾಜ್ಯಗಳ ಹತ್ತಿಯ ಹೊಲಗಳನ್ನೂ ಅಲ್ಲಿನ ಅವಮಾನವನ್ನೂ ಬಿಟ್ಟು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ವಲಸೆ ಬಂದರು. ಮಿಸಿಸಿಪಿ, ಲೂಯಿಸಿಯಾನಗಳಿಂದ ರೈಲು ಹತ್ತಿದವರಲ್ಲಿ ಬಹುಮಂದಿ ಇಳಿದದ್ದು ಷಿಕಾಗೋದಲ್ಲಿ. ಅವರೊಡನೆ ಅವರ ಸಂಗೀತವೂ ಬಂದಿತು. ಆರ್ಮ್‌ಸ್ಟ್ರಾಂಗ್ 1922ರಲ್ಲಿ ನ್ಯೂ ಆರ್ಲಿಯನ್ಸಿನಿಂದ ಬಂದು ಸೇರಿದ್ದು ಇಲ್ಲಿಗೇ. ಆದರೆ ಉತ್ತರದಲ್ಲಿಯೂ ಬೇಲಿಗಳಿದ್ದವು. ಕಪ್ಪು ಸಂಗೀತಗಾರರು 1902ರಲ್ಲಿಯೇ ತಮ್ಮದೇ ಪ್ರತ್ಯೇಕ ಕಾರ್ಮಿಕ ಸಂಘವನ್ನು ಕಟ್ಟಿಕೊಳ್ಳಬೇಕಾಯಿತು; ಬಿಳಿಯರ ಸಂಘದೊಡನೆ ಅದು ಒಂದಾದದ್ದು 1966ರಲ್ಲಿ.

ಈ ಬಡಾವಣೆಯ ಡ್ಯೂಸೇಬಲ್ ಪ್ರೌಢಶಾಲೆಯಲ್ಲಿ ವಾಲ್ಟರ್ ಡೈಯೆಟ್ ಎಂಬ ಸಂಗೀತದ ಮೇಷ್ಟರಿದ್ದರು. ನ್ಯಾಟ್ ಕಿಂಗ್ ಕೋಲ್, ಡೈನಾ ವಾಷಿಂಗ್ಟನ್, ಜೀನ್ ಆಮನ್ಸ್ ಮೊದಲಾದವರೆಲ್ಲ ಅವರ ಕೈಕೆಳಗೆ ಬೆಳೆದವರು. ಸಂಗೀತದ ಚರಿತ್ರೆಕಾರರು ಶಾಲಾ ಮೇಷ್ಟರುಗಳಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಲ್ಲವೆಂಬುದು ನನ್ನ ಹಳೆಯ ದೂರು. ಅದು ಈ ವೃತ್ತಿಯಲ್ಲಿ ಬಾಳಿದವನ ಪಕ್ಷಪಾತವೆಂದು ಬೇಕಾದರೆ ಎಣಿಸಿಕೊಳ್ಳಿ.

1960ರ ಸುಮಾರಿಗೆ ಈ ಲೋಕ ಕುಗ್ಗತೊಡಗಿತು. ಕಾಸು ಹಾಕಿದರೆ ಹಾಡುವ ಯಂತ್ರ ಪಾನಗೃಹಗಳಿಗೆ ಬಂದ ಮೇಲೆ ಐದು ಜನ ವಾದ್ಯಗಾರರಿಗೆ ಕೂಲಿ ಕೊಡುವವರು ಕಡಿಮೆಯಾದರು. ಕೊಡುವವರೂ ಕೇಳುತ್ತಿದ್ದುದು ಪರಿಚಿತವಾದ ಹಾಡುಗಳನ್ನೇ. ಸಂಗೀತವೆಂದರೆ ಹೆಂಡಕ್ಕೆ ನಂಚಿಕೊಳ್ಳುವ ಉಪ್ಪಿನಕಾಯಿ ಎಂಬುದು ಮಾಲೀಕನ ಎಣಿಕೆ. ಹೀಗಿರುವಾಗ ಹೊಸದನ್ನು ಕಟ್ಟುವವನು ಎಲ್ಲಿಗೆ ಹೋಗಬೇಕು? ಜಾಜ್‌ನ ಜೀವವಿರುವುದು ನಾವು ಮನೋಧರ್ಮವೆಂದು ಕರೆಯುವ ಗುಣದಲ್ಲಿ. ಮನೋಧರ್ಮ ಬೆಳೆಯಬೇಕಾದರೆ ತಪ್ಪು ಮಾಡುವುದಕ್ಕೆ ಅವಕಾಶವಿರುವ ಒಂದು ಸ್ಥಳ ಬೇಕು; ಅದನ್ನು ಸಹಿಸಿಕೊಂಡು ಕೇಳುವ ನಾಲ್ಕು ಜನ ಬೇಕು.

1930ರಲ್ಲಿ ಷಿಕಾಗೋದಲ್ಲಿಯೇ ಹುಟ್ಟಿದ ಮುಹಾಲ್ ರಿಚರ್ಡ್ ಏಬ್ರಮ್ಸ್ ಎಂಬ ಪಿಯಾನೊ ವಾದಕರು ಅರವತ್ತರ ದಶಕದ ಆರಂಭದಲ್ಲಿ ಅಂಥದೊಂದು ಅಭ್ಯಾಸದ ತಂಡವನ್ನು ಕಟ್ಟಿದರು. ಅದಕ್ಕೆ ‘ಎಕ್ಸ್‌ಪೆರಿಮೆಂಟಲ್ ಬ್ಯಾಂಡ್’ ಎಂದು ಹೆಸರು. ರಾಸ್ಕೋ ಮಿಚೆಲ್, ಜೋಸೆಫ್ ಜಾರ್ಮನ್, ಹೆನ್ರಿ ಥ್ರೆಡ್‌ಗಿಲ್ ಮೊದಲಾದ ಕಾಲೇಜು ತರುಣರು ತಾವೇ ರಚಿಸಿದ್ದನ್ನು ತಂದು ನುಡಿಸಿ ನೋಡುತ್ತಿದ್ದರು. ಕೇಳಿಸಬೇಕೆಂದರೆ ಮಾತ್ರ ವೇದಿಕೆಯಿರಲಿಲ್ಲ. 1965ರ ಮೇ ತಿಂಗಳಲ್ಲಿ ಏಬ್ರಮ್ಸ್, ಜೋಡಿ ಕ್ರಿಶ್ಚಿಯನ್, ಸ್ಟೀವ್ ಮೆಕಾಲ್, ಫಿಲ್ ಕೋರನ್ ಈ ನಾಲ್ವರು ತಮ್ಮ ಪರಿಚಯದ ಸಂಗೀತಗಾರರಿಗೆ ಅಂಚೆ ಕಾರ್ಡುಗಳನ್ನು ಬರೆದು, ಕೋರನ್ ಅವರ ಮನೆಯಲ್ಲಿ ಸಭೆ ಕರೆದರು. ಅಲ್ಲಿ ಹುಟ್ಟಿದ್ದು ‘ಅಸೋಸಿಯೇಷನ್ ಫಾರ್ ದಿ ಅಡ್ವಾನ್ಸ್‌ಮೆಂಟ್ ಆಫ್ ಕ್ರಿಯೇಟಿವ್ ಮ್ಯುಜಿಷಿಯನ್ಸ್’, ಎ.ಎ.ಸಿ.ಎಂ. ಎಂಬುದು ರೂಢಿಯ ಹೆಸರು. ಅದೇ ಆಗಸ್ಟ್ ತಿಂಗಳಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೆಂದು ನೋಂದಣಿಯೂ ಆಯಿತು, ಮೊದಲ ಕಛೇರಿಯೂ ನಡೆಯಿತು.

ಆ ಮೊದಲ ಸಭೆಗಳ ಮಾತುಕತೆಯನ್ನು ಅವರು ಟೇಪಿನಲ್ಲಿ ಹಿಡಿದಿಟ್ಟುಕೊಂಡರು. ಇದು ಚರಿತ್ರೆಯ ವಿದ್ಯಾರ್ಥಿಗೆ ದೊರೆತ ಭಾಗ್ಯ. ಅಲ್ಲಿ ನಡೆದ ದೊಡ್ಡ ಚರ್ಚೆ ಒಂದೇ: ಸಂಘದ ವೇದಿಕೆಯ ಮೇಲೆ ಸ್ವಂತ ರಚನೆಗಳನ್ನು ಮಾತ್ರ ನುಡಿಸಬೇಕೆ? ಜನಪ್ರಿಯ ಹಾಡುಗಳನ್ನು ನುಡಿಸಿಯೇ ಸಂಸಾರ ತೂಗಿಸುತ್ತಿದ್ದವರು ಆ ಕೋಣೆಯಲ್ಲಿದ್ದರು. ಅವರ ಅಂಜಿಕೆ ಸಣ್ಣದಲ್ಲ. ಹೊರಗೆ ಹೊಟ್ಟೆಪಾಡಿಗೆ ಯಾರು ಏನನ್ನು ನುಡಿಸಿದರೂ ಆಕ್ಷೇಪಣೆಯಿಲ್ಲ, ಆದರೆ ಸಂಘದ ಕಛೇರಿಯಲ್ಲಿ ತನ್ನದೇ ಸಂಗೀತ, ಎಂಬ ನಿರ್ಣಯಕ್ಕೆ ಸಭೆ ಬಂದಿತು. ನನ್ನ ಎಣಿಕೆಯಲ್ಲಿ ಈ ಸಂಘ ಉಳಿದುಕೊಂಡದ್ದಕ್ಕೆ ಈ ನಿರ್ಣಯವೇ ಮೂಲ. ಬದುಕನ್ನೂ ಕಲೆಯನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳದೆ, ಎರಡಕ್ಕೂ ಬೇರೆ ಬೇರೆ ಜಾಗವನ್ನು ಗೊತ್ತುಮಾಡಿದ ವ್ಯವಹಾರಜ್ಞಾನ ಅದರಲ್ಲಿದೆ. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಸ್ಥಾಪಕರಲ್ಲಿ ಒಬ್ಬರಾದ ಕೋರನ್ ಅವರೇ ಸ್ವಲ್ಪ ಕಾಲದಲ್ಲಿ ಹೊರನಡೆದು, 1967ರಲ್ಲಿ ತಮ್ಮದೇ ಒಂದು ರಂಗಮಂದಿರವನ್ನು ತೆರೆದರು.

ಸದಸ್ಯರು ಚಂದಾ ಕೊಡಬೇಕಿತ್ತು, ಸಭೆಗೆ ಬರಬೇಕಿತ್ತು, ಭಿತ್ತಿಪತ್ರ ಅಂಟಿಸಬೇಕಿತ್ತು, ಬಾಗಿಲಲ್ಲಿ ನಿಂತು ಟಿಕೆಟು ಹರಿಯಬೇಕಿತ್ತು. ಒಬ್ಬನ ಕಛೇರಿಗೆ ಉಳಿದವರು ಆಳುಗಳು; ಮುಂದಿನ ವಾರ ಆಳು ಅರಸನಾಗುತ್ತಿದ್ದ. 1967ರಲ್ಲಿ ಬಡಾವಣೆಯ ಮಕ್ಕಳಿಗಾಗಿ ಶುಲ್ಕವಿಲ್ಲದ ಸಂಗೀತ ಶಾಲೆಯೂ ಆರಂಭವಾಯಿತು. ಸದಸ್ಯರೇ ಅಲ್ಲಿ ಉಪಾಧ್ಯಾಯರು. ಕಲಿತ ಹುಡುಗರಲ್ಲಿ ಕೆಲವರು ಮುಂದೆ ಸದಸ್ಯರಾದರು.

ಕಷ್ಟವೇನೂ ಕಡಿಮೆಯಿರಲಿಲ್ಲ. ಪಿಯಾನೊದ ಕ್ರಿಸ್ಟೋಫರ್ ಗ್ಯಾಡಿ 1968ರಲ್ಲಿ, ಬಾಸ್ ವಾದಕ ಚಾರ್ಲ್ಸ್ ಕ್ಲಾರ್ಕ್ 1969ರಲ್ಲಿ ತೀರಿಕೊಂಡರು. ಇಬ್ಬರೂ ಇಪ್ಪತ್ತರ ಹರೆಯದವರು. ಅದೇ 1969ರಲ್ಲಿ ಮಿಚೆಲ್, ಜಾರ್ಮನ್, ಮಲಾಖೈ ಫೇವರ್ಸ್, ಲೆಸ್ಟರ್ ಬೋವಿ ಈ ನಾಲ್ವರು ಹಡಗಿನ ಖರ್ಚಿಗೆ ಹಣ ಹೊಂದಿಸಿ ಪ್ಯಾರಿಸಿಗೆ ಹೊರಟರು. ಬೋವಿ ಅವರು ಮನೆಯ ಮೇಜು ಕುರ್ಚಿಗಳನ್ನೇ ಮಾರಿದರು. ‘ಆರ್ಟ್ ಎನ್ಸೆಂಬಲ್ ಆಫ್ ಷಿಕಾಗೋ’ ಎಂಬ ಹೆಸರು ಅವರಿಗೆ ನಿಂತದ್ದು ಪ್ಯಾರಿಸಿನಲ್ಲಿ. ಊರಿನಲ್ಲಿ ಸಿಗದ ಊರಿನ ಹೆಸರು ಪರದೇಶದಲ್ಲಿ ಅಂಟಿಕೊಂಡಿತು! ಸುಮಾರು ಎರಡು ವರ್ಷಗಳಲ್ಲಿ ಅಲ್ಲಿ ಹತ್ತಕ್ಕೂ ಹೆಚ್ಚು ಧ್ವನಿಮುದ್ರಿಕೆಗಳನ್ನು ಹೊರತಂದು, 1971ರಲ್ಲಿ ಹಿಂದಿರುಗಿದರು. ಒಂದೇ ಸ್ಯಾಕ್ಸೊಫೋನಿನಿಂದ ಎರಡು ತಟ್ಟೆಗಳ ಧ್ವನಿಮುದ್ರಿಕೆಯನ್ನು ತುಂಬಿಸಿದ ಆಂಥೊನಿ ಬ್ರಾಕ್ಸ್‌ಟನ್ ನ್ಯೂಯಾರ್ಕಿನಲ್ಲಿ ಕೆಲವು ಕಾಲ ಉದ್ಯಾನದಲ್ಲಿ ಪಣಕ್ಕೆ ಚದುರಂಗವಾಡಿ ಹೊಟ್ಟೆ ಹೊರೆದರು.

ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಏಬ್ರಮ್ಸ್ ಸಹಿತವಾಗಿ ಹಲವರು ನ್ಯೂಯಾರ್ಕಿಗೆ ಹೋದರು. ಹೋದವರಿಗೆ ಹೆಸರು ಬಂದಿತು. ಉಳಿದವರಲ್ಲಿ ಫ್ರೆಡ್ ಆಂಡರ್ಸನ್ ಒಬ್ಬರು. ಲೂಯಿಸಿಯಾನದ ಮನ್ರೋದಲ್ಲಿ 1929ರಲ್ಲಿ ಹುಟ್ಟಿ, ಷಿಕಾಗೋದಲ್ಲಿ ಮನೆಮನೆಗೆ ಜಮಖಾನ ಹಾಸುವ ಕೆಲಸ ಮಾಡಿಕೊಂಡು ಸ್ಯಾಕ್ಸೊಫೋನ್ ಸಾಧನೆ ಮಾಡಿದವರು. ಸಂಘದ ಮೊದಲ ಕಛೇರಿಯಲ್ಲಿ ನುಡಿಸಿದವರು. ಆದರೂ ಅವರ ಹೆಸರಿನ ಮೊದಲ ಧ್ವನಿಮುದ್ರಿಕೆ ಬರುವ ವೇಳೆಗೆ ವಯಸ್ಸು ಐವತ್ತನ್ನು ಮುಟ್ಟಿತ್ತು. 1982ರಲ್ಲಿ ಒಂದು ಸಾಧಾರಣ ಪಾನಗೃಹವನ್ನು ವಹಿಸಿಕೊಂಡು ಅದಕ್ಕೆ ‘ವೆಲ್ವೆಟ್ ಲೌಂಜ್’ ಎಂದು ಹೆಸರಿಟ್ಟರು. ಭಾನುವಾರಗಳಂದು ಅಲ್ಲಿ ಯಾರು ಬೇಕಾದರೂ ವಾದ್ಯ ತಂದು ಹಿರಿಯರೊಡನೆ ನುಡಿಸಬಹುದಾಗಿತ್ತು. ಸಂಗೀತವನ್ನು ಉಪ್ಪಿನಕಾಯಿ ಮಾಡಿಕೊಂಡಿದ್ದ ಪಾನಗೃಹವನ್ನೇ ಆಂಡರ್ಸನ್ ಸಂಗೀತಕ್ಕೆ ದುಡಿಸಿಕೊಂಡರು. ಜಗತ್ತೆಲ್ಲ ಬಲ್ಲ ತಾಳವಾದ್ಯಗಾರ ಹಮೀದ್ ಡ್ರೇಕ್ ತರುಣರಾಗಿ ಪಳಗಿದ್ದು ಆಂಡರ್ಸನ್ನರ ತಂಡದಲ್ಲಿ. ಆ ಕಟ್ಟಡ ಕೆಡವುವ ಕಾಲ ಬಂದಾಗ ಸಂಗೀತಗಾರರೂ ಶ್ರೋತೃಗಳೂ ದೇಣಿಗೆ ಎತ್ತಿದರು. 2006ರಲ್ಲಿ ಲೌಂಜ್ ಬೇರೆ ಜಾಗದಲ್ಲಿ ಮತ್ತೆ ತೆರೆಯಿತು. 2010ರ ಜೂನ್ ತಿಂಗಳಲ್ಲಿ ಆಂಡರ್ಸನ್ ತೀರಿಕೊಂಡರು. ಅದಾದ ಸ್ವಲ್ಪ ಕಾಲಕ್ಕೆ ಲೌಂಜೂ ಮುಚ್ಚಿತು. ಒಬ್ಬ ವ್ಯಕ್ತಿಯ ಹೆಗಲ ಮೇಲೆ ನಿಂತದ್ದು ಅವನೊಡನೆ ಹೋಯಿತು. ಚಂದಾ ಪುಸ್ತಕದ ಮೇಲೆ, ಪಾಠಶಾಲೆಯ ಮೇಲೆ ನಿಂತ ಸಂಘಕ್ಕೆ 2025ರಲ್ಲಿ 60 ತುಂಬಿತು.

ಈ ಸಂಘವನ್ನು ನಾನು ಪೂರ್ತಿ ಹೊಗಳಲಾರೆ. ಮೊದಲ ದಶಕಗಳಲ್ಲಿ ಅಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಭಾರತದಲ್ಲಿ ಸಿತಾರ್ ಕಲಿತು ಹೋದ ಶಾಂತಾ ನೂರುಲ್ಲಾ ಅವರು ‘ಸಮಾನಾ’ ಎಂಬ ಮಹಿಳೆಯರದೇ ತಂಡವನ್ನು ಕಟ್ಟುವುದಕ್ಕೆ ಬಹುಕಾಲ ಹಿಡಿಯಿತು. ಕೊಳಲಿನ ನಿಕೋಲ್ ಮಿಚೆಲ್ ಮೊದಲ ಮಹಿಳಾ ಅಧ್ಯಕ್ಷೆಯಾದದ್ದು ಈ ಶತಮಾನದಲ್ಲಿ.

ಇಂದು ಜಾಜ್ ವಿಶ್ವವಿದ್ಯಾಲಯಗಳಲ್ಲಿ ಪದವಿಯ ವಿಷಯ. ಸಂಘದ ಹಿರಿಯರೂ ಅಧ್ಯಾಪಕರಾದರು: ಬ್ರಾಕ್ಸ್‌ಟನ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ, ರಾಸ್ಕೋ ಮಿಚೆಲ್ ಮಿಲ್ಸ್ ಕಾಲೇಜಿನಲ್ಲಿ. ಜಾರ್ಜ್ ಲೂಯಿಸ್ ಅವರು 1971ರ ಬೇಸಿಗೆ ರಜದಲ್ಲಿ, ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯಾಗಿದ್ದಾಗ, ದಾರಿಯಲ್ಲಿ ಈ ಸಂಘದವರ ಅಭ್ಯಾಸವನ್ನು ಕೇಳಿ ಬಂದು ಸೇರಿದವರು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ 2008ರಲ್ಲಿ ಸಂಘದ ಬೃಹತ್ ಚರಿತ್ರೆಯನ್ನು ಬರೆದರು. ಥ್ರೆಡ್‌ಗಿಲ್ ಅವರಿಗೆ 2016ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಇದೆಲ್ಲ ಸಂತೋಷವೇ. ಆದರೆ ವಿಶ್ವವಿದ್ಯಾಲಯ ಸಂಬಳ ಕೊಡಬಲ್ಲದು, ಪದವಿ ಕೊಡಬಲ್ಲದು. ಕೇಳುವ ನೆರೆಹೊರೆಯನ್ನು ಕೊಡಲಾರದು. ಪದವಿ ಪಡೆದು ಹೊರಬಿದ್ದ ತರುಣನ ಸಂಗೀತ ಇಂದು ಅಂತರ್ಜಾಲದ ಮೂಲಕ ಕ್ಷಣದಲ್ಲಿ ಲೋಕವನ್ನೆಲ್ಲ ಮುಟ್ಟುತ್ತದೆ. ಒಂದು ಸಲ ಕೇಳಿದ್ದಕ್ಕೆ ಅವನ ಕೈಗೆ ಬರುವುದು ಒಂದು ಸೆಂಟಿನ ಚೂರು. ಅವನ ಕಛೇರಿಯ ರಾತ್ರಿ ಕುರ್ಚಿ ಜೋಡಿಸುವವರು ಯಾರೆಂಬ ಪ್ರಶ್ನೆ 1965ರಲ್ಲಿ ಇದ್ದಂತೆಯೇ ಇದೆ. ಕೆಲವರು ಈ ಪ್ರಶ್ನೆಗೆ ಬೀದಿಯಲ್ಲೇ ಉತ್ತರ ಕಂಡುಕೊಂಡರು. ಸಂಘವನ್ನು ತೊರೆದ ಕೋರನ್ ಅವರ ಗಂಡುಮಕ್ಕಳು ಹಲವರು ಸೇರಿ ‘ಹಿಪ್ನಾಟಿಕ್ ಬ್ರಾಸ್ ಎನ್ಸೆಂಬಲ್’ ಎಂಬ ಹಿತ್ತಾಳೆ ವಾದ್ಯಗಳ ತಂಡ ಕಟ್ಟಿ, ರಸ್ತೆಯಲ್ಲಿ ನಿಂತು ನುಡಿಸಿ ಹೆಸರು ಮಾಡಿದರು.

ಏಬ್ರಮ್ಸ್ ಮತ್ತು ಕೋರನ್ ಇಬ್ಬರೂ 2017ರಲ್ಲಿ ತೀರಿಕೊಂಡರು. ಆರ್ಕನ್ಸಾದ ಹಳ್ಳಿಯಿಂದ ಷಿಕಾಗೋಕ್ಕೆ ಬಂದು, ಹಗಲು ಶಾಲೆಯಲ್ಲಿ ಪಾಠ ಹೇಳುತ್ತ, ಸಂಘ ಹುಟ್ಟಿದ ಹೊಸತರಲ್ಲೇ ಅದನ್ನು ಸೇರಿದ್ದ ಅಮೀನಾ ಕ್ಲಾಡಿನ್ ಮಯರ್ಸ್ ಅವರನ್ನು ಅಮೆರಿಕ ಸರ್ಕಾರದ ಕಲಾನಿಧಿ 2024ರಲ್ಲಿ ‘ಜಾಜ್ ಮಾಸ್ಟರ್’ ಎಂದು ಗೌರವಿಸಿತು. ಆಗ ಆಕೆಗೆ ಎಂಬತ್ತು ದಾಟಿತ್ತು.